ಮೊಸಳೆ ಮಾಸ್ತರರ ತಿಳಿನೀರು

ಬೆಳಿಗ್ಗೆ ಎದ್ದು ಟಾಯ್ಲೆಟ್ಟಿಗೆ ಹೋದವರು ನೀರು ಬಿಡದೆ ಹಾಗೇ ಹೊರಗೆ ಬರಬೇಕು ಎಂದು ನಾನು ಹೇಳಿದಾಗ, ನನ್ನ ಗಂಡ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ನನ್ನನ್ನು ಒಂದಿಷ್ಟು ಹೊತ್ತು ನೋಡಿದರು.

“ಮದುವೆಯಾದಾಗಿನಿಂದ ಫ್ಲಶ್ ಮಾಡಲ್ಲ ಅಂತ ಬೈದೆ. ಈಗ ಮಾಡ್ತೀನಿ ಅಂತ ಬೈತೀಯಾ?”

“ಬೈತಾ ಇಲ್ಲ ರೀ. ನಾನೊಂದು ಸಲ ನೋಡಬೇಕು.”

“ಏನನ್ನ?”

“ನೊರೆ ಬರುತ್ತಾ ಅಂತ.”

ಇವರು ಬೇಸಿನ್ನಿಗೆ ಬಗ್ಗಿ ಪೇಸ್ಟಿನ ನೊರೆ ಉಗಿದರು. “ಬಂತು ನೋಡು. ಇನ್ನು ಹೋಗಲಾ? ಮಕ್ಕಳು ಕಾಯ್ತಿರ್ತಾರೆ.”

ಇವರು ಈಜು ಕಲಿಸುವವರು. ನಗರಸಭೆಯ ಈಜುಕೊಳದಲ್ಲಿ ಮೂಗು ಮತ್ತು ಕಣ್ಣು ಮಾತ್ರ ನೀರಿನ ಮೇಲಿಟ್ಟುಕೊಂಡು, ಮಕ್ಕಳು ಕಾಲು ಬಡಿಯುವುದನ್ನು ಗಮನಿಸುತ್ತ ಅಲ್ಲಾಡದೆ ನಿಂತಿರುತ್ತಾರೆ. ಹಾಗಾಗಿ ಮಕ್ಕಳು ಇವರಿಗೆ ಮೊಸಳೆ ಮಾಸ್ತರು ಎಂದು ಹೆಸರಿಟ್ಟಿದ್ದಾರೆ. ಆ ಹೆಸರು ಕೊಳದಿಂದ ನಮ್ಮ ಮನೆಯವರೆಗೂ ನಡೆದು ಬಂತು. ಈಗ ಕೋಪ ಬಂದಾಗ ನಮ್ಮತ್ತೆಯೂ ಹೆತ್ತ ಮಗನನ್ನು ಹಾಗೆಯೇ ಕರೆಯುತ್ತಾರೆ.

ದಿನಾ ಬೆಳಿಗ್ಗೆ ಕೊಳದ ಬಾಗಿಲು ತೆರೆಯುವ ಮೊದಲು ಇವರು ನೀರಿನ ಪರೀಕ್ಷೆ ಮಾಡಬೇಕು. ಅದಕ್ಕೊಂದು ಚಿಕ್ಕ ಪೆಟ್ಟಿಗೆ ಇದೆ. ಕೊಳದ ನೀರನ್ನು ಗಾಜಿನ ಕೊಳವೆಗೆ ತುಂಬಿ, ಸೀಸೆಯಿಂದ ಹನಿ ಬಿಟ್ಟು, ಬಂದ ಬಣ್ಣವನ್ನು ಪೆಟ್ಟಿಗೆಯ ಮುಚ್ಚಳದ ಮೇಲಿರುವ ಬಣ್ಣಗಳ ಜೊತೆ ಹೋಲಿಸಿದರೆ ಕ್ಲೋರಿನ್ ಎಷ್ಟಿದೆ ಎಂದು ಗೊತ್ತಾಗುತ್ತದೆ. ಒಂದು ದಿನವೂ ಇದನ್ನು ಬಿಟ್ಟವರಲ್ಲ. “ನೀರು ತಿಳಿಯಾಗಿದೆ ಅಂದ್ರೆ ಚೆನ್ನಾಗಿದೆ ಅಂತ ಅಲ್ಲ. ಕೆಟ್ಟಿದ್ದು ಕಣ್ಣಿಗೆ ಕಾಣೋ ಹೊತ್ತಿಗೆ ತಡವಾಗಿರುತ್ತೆ” ಎನ್ನುವುದು ಇವರ ಮಂತ್ರ. ಕೊಳದ ಮ್ಯಾನೇಜರರಿಗೆ ಹೇಳುತ್ತಾರೆ, ಮಕ್ಕಳ ತಾಯಂದಿರಿಗೆ ಹೇಳುತ್ತಾರೆ, ಒಮ್ಮೆ ಹೋಟೆಲಿನಲ್ಲಿ ಲೋಟದಲ್ಲಿ ನೀರು ತಂದಿಟ್ಟವನಿಗೂ ಹೇಳಿದರು. ಅವನು ಪಾಪ ಆ ಲೋಟ ಎತ್ತಿಕೊಂಡು ಹೋಗಿ ಬೇರೆ ಲೋಟ ತಂದಿಟ್ಟ.

ಇಂಥ ಮನುಷ್ಯನಿಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ ದಾಟಿದೆ. ಮಾತ್ರೆ ತಪ್ಪಿಸುವುದಿಲ್ಲ, ಕದ್ದು ಸಿಹಿ ತಿನ್ನುವುದೂ ಕಡಿಮೆ. ಬೆರಳಿಗೆ ಚುಚ್ಚಿ ಸಕ್ಕರೆ ನೋಡುವಾಗ ಮುಖ ಗೋಡೆಗೆ ತಿರುಗಿಸಿ ಕೈ ಮಾತ್ರ ನನಗೆ ಕೊಡುತ್ತಾರೆ. ಅದಕ್ಕಿಂತ ದೊಡ್ಡ ಸೂಜಿ ಕಂಡರೆ ಮಾತ್ರ ಮುಗಿಯಿತು. ಎರಡಾಳು ಎತ್ತರದ ಹಲಗೆಯಿಂದ ತಲೆಕೆಳಗಾಗಿ ನೀರಿಗೆ ಹಾರುವವರು, ಒಮ್ಮೆ ನನಗೆ ಇಂಜೆಕ್ಷನ್ ಕೊಡುವಾಗ ಧೈರ್ಯ ಹೇಳಲು ಪಕ್ಕದಲ್ಲಿ ನಿಂತು, ತಾವೇ ಕುಸಿದು ಬಿದ್ದರು. ಚುಚ್ಚಿಸಿಕೊಂಡ ತೋಳನ್ನು ಒತ್ತಿ ಹಿಡಿದುಕೊಂಡು ಇವರ ಮುಖಕ್ಕೆ ನೀರು ಚಿಮುಕಿಸಿದವಳು ನಾನು.

ಆದರೂ ಒಂದು ಕಾಲದಲ್ಲಿ ಹೇಗೋ ಹಲ್ಲುಕಚ್ಚಿ ವರ್ಷಕ್ಕೊಮ್ಮೆ ಪರೀಕ್ಷೆಗೆ ರಕ್ತ ಕೊಟ್ಟು ಬರುತ್ತಿದ್ದರು. ಅದು ನಿಂತದ್ದು ನಮ್ಮ ಭಾವ, ಅಂದರೆ ಇವರ ಅಣ್ಣ, ಆಸ್ಪತ್ರೆ ಸೇರಿದ ಮೇಲೆ. ಭಾವ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದವರು. ಅವರಿಗೂ ಸಕ್ಕರೆ ಕಾಯಿಲೆ. ಎರಡು ವರ್ಷದ ಕೆಳಗೆ, ಚಪ್ಪಲಿ ಬಿಗಿಯಾಗುತ್ತಿದೆ ಎಂದು ಹೊಸ ಜೊತೆ ಕೊಳ್ಳಲು ಹೋದವರು, ಕಾಲು ಊದಿದೆ ಎಂದು ಅಂಗಡಿಯಲ್ಲಿ ಗೊತ್ತಾಗಿ, ಅಲ್ಲಿಂದ ಆಸ್ಪತ್ರೆಗೆ ಹೋಗಿ, ಎರಡೂ ಕಿಡ್ನಿ ಕೈಕೊಟ್ಟಿವೆ ಎಂದು ತಿಳಿದುಕೊಂಡು ಬಂದರು. ಈಗ ವಾರಕ್ಕೆ ಮೂರು ಸಲ ಮಶೀನಿನ ಪಕ್ಕ ಮಲಗಿ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕು. ಸೂಜಿ ಹಾಕುವ ತೋಳು ಹಗ್ಗದ ಗಂಟಿನಂತೆ ಉಬ್ಬಿದೆ. ಅದನ್ನು ನೋಡಿದ ದಿನದಿಂದ ಇವರು ಲ್ಯಾಬಿನ ಕಡೆ ತಲೆ ಹಾಕಿಲ್ಲ. ಕೇಳಿದರೆ, “ಸೂಜಿ ಆಗಲ್ಲ ಕಣೇ, ನಿನಗೆ ಗೊತ್ತಲ್ಲ” ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ.

ನನಗೆ ಬೇರೇನೂ ಬೇಕಿರಲಿಲ್ಲ. ಅಣ್ಣ ನಡೆದ ದಾರಿಯಲ್ಲಿ ತಮ್ಮ ಎಷ್ಟು ದೂರ ಬಂದಿದ್ದಾರೆ, ಅಥವಾ ಇನ್ನೂ ಹೊರಟೇ ಇಲ್ಲವೇ ಎಂಬುದು ತಿಳಿದರೆ ಸಾಕಿತ್ತು.

ಭಾವನ ಜೊತೆ ಕೂರುವ ಸರದಿ ಕೆಲವು ಮಧ್ಯಾಹ್ನ ನನ್ನದು. ಕಾಲೇಜಿನ ಗ್ರಂಥಾಲಯದಲ್ಲಿ ನನ್ನ ಕೆಲಸ ಮುಗಿಸಿ ನೇರ ಆಸ್ಪತ್ರೆಗೆ ಹೋಗುತ್ತೇನೆ. ಅಲ್ಲಿಯ ಸಿಸ್ಟರ್ ಒಂದು ದಿನ ಯಾರಿಗೋ ಹೇಳುತ್ತಿದ್ದರು: ಮೂತ್ರದಲ್ಲಿ ನೊರೆ ಬಂದು ಹಾಗೇ ನಿಂತರೆ ಪ್ರೋಟೀನು ಸೋರುತ್ತಿರಬಹುದು, ಕಿಡ್ನಿಯ ಜರಡಿ ಹರಿಯುತ್ತಿದೆ ಎಂದು ಅರ್ಥ. ಸಕ್ಕರೆ ಇರುವವರಿಗೆ ಸೋಂಕು ಬೇಗ ತಗಲುತ್ತದೆ, ಟಾಯ್ಲೆಟ್ ಚೊಕ್ಕಟವಾಗಿಡಿ ಎಂದೂ ಹೇಳಿದರು. ನಾನು ಎರಡನ್ನೂ ಮನೆಗೆ ತಂದೆ. ಅಂದಿನಿಂದ ದಿನಾ ಮಲಗುವ ಮುಂಚೆ ಟಾಯ್ಲೆಟ್ಟಿಗೆ ತೊಳೆಯುವ ದ್ರಾವಣವನ್ನು ಧಾರಾಳವಾಗಿ ಸುರಿದು, ಬೆಳಗಿನವರೆಗೂ ನೆನೆಯಲು ಬಿಡುತ್ತಿದ್ದೆ. ಬೆಳಿಗ್ಗೆ ಕೊಳಕ್ಕೆ ಹೋಗಲು ಎಲ್ಲರಿಗಿಂತ ಮೊದಲು ಏಳುವವರು ಇವರು. ಇವರು ಹೋಗಿ ಬಂದ ಮೇಲೆ ನಾನು ನೋಡುವುದು.

ನೊರೆ ಇತ್ತು. ಹಾಲು ಕರೆದ ಪಾತ್ರೆಯಲ್ಲಿ ಇರುವಂಥ ನೊರೆ.

ನಾನು ಗಾಬರಿಯವಳಾದರೂ ಹಾಗೆ ತಟ್ಟನೆ ತೀರ್ಮಾನಕ್ಕೆ ಬರುವವಳಲ್ಲ. ಇವರದನ್ನು ಫ್ಲಶ್ ಮಾಡಿ, ಆಮೇಲೆ ನಾನೂ ಹೋಗಿ ನೋಡಿದೆ. ನೊರೆ ಇಲ್ಲ. ಅತ್ತೆ ಹೋಗಿ ಬಂದ ಮೇಲೆ, ಫ್ಲಶ್ ಮಾಡಬೇಡಿ ಎಂದು ಅವರಿಗೂ ಹೇಳಿ, ನೋಡಿದೆ. ಇಲ್ಲ. ಎರಡನೆಯ ದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಮನೆಯಲ್ಲಿ ಮೂರು ಜನ, ನೊರೆ ಒಬ್ಬರಿಗೆ. ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು?

ಅತ್ತೆಗೆ ಮಾತ್ರ ನನ್ನ ಈ ಕೆಲಸ ಹಿಡಿಸಲಿಲ್ಲ. “ಓದಿದ ಸೊಸೆ ಬೇಕು ಅಂತ ಹುಡುಕಿ ತಂದೆ. ಈಗ ನೋಡಿದ್ರೆ ಇದನ್ನ ಓದ್ತಾಳೆ” ಎಂದು ಪಕ್ಕದ ಮನೆಯವರಿಗೆ ಕಾಂಪೌಂಡಿನ ಮೇಲಿಂದ ಹೇಳಿದರು.

ಅದೇ ಆಸ್ಪತ್ರೆಯ ಕೆಳಗಿನ ಅಂತಸ್ತಿನಲ್ಲಿ ಸಕ್ಕರೆ ಕಾಯಿಲೆಯ ಡಾಕ್ಟರಮ್ಮನ ಕೋಣೆ. ಹೋಗಿ ಕೇಳಿದೆ. ಅವರು ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಬಾಟಲಿಯನ್ನು ನನ್ನ ಮುಂದಿಟ್ಟರು. ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೂತ್ರ ಇದರಲ್ಲಿ ತಂದರೆ, ಎಷ್ಟು ಪ್ರೋಟೀನು ಸೋರುತ್ತಿದೆ ಎಂದು ಇಲ್ಲಿಯೇ ಹೇಳುತ್ತೇವೆ. ಜೊತೆಗೆ ಕಣ್ಣಿನ ಒಳಗೋಡೆಯ ಒಂದು ಫೋಟೋ. ಸದ್ಯಕ್ಕೆ ಸೂಜಿ ಬೇಡ. ಇವುಗಳಲ್ಲಿ ಏನಾದರೂ ಕಂಡರೆ ಆಮೇಲೆ ರಕ್ತ ನೋಡೋಣ.

ಕೊನೆಯ ವಾಕ್ಯವನ್ನು ನಾನು ಮನೆಗೆ ತರಲಿಲ್ಲ.

“ಕಣ್ಣಲ್ಲಿ ಕಿಡ್ನಿ ಕಾಣುತ್ತಾ?” ಎಂದು ಇವರು ಕೇಳಿದರು.

“ಕಿಡ್ನಿ ಕಾಣಲ್ಲ. ಎರಡೂ ಕಡೆ ಇರೋದು ಕೂದಲಿಗಿಂತ ಸಣ್ಣ ರಕ್ತನಾಳ. ಸಕ್ಕರೆ ಒಂದು ಕಡೆ ಹಾಳು ಮಾಡಿದ್ರೆ ಇನ್ನೊಂದು ಕಡೆನೂ ಮಾಡಿರಬಹುದು ಅಂತ ಅನುಮಾನಿಸಬಹುದಂತೆ.”

“ಹಾಗಾದ್ರೆ ಕಿವಿಯೊಳಗೆ ನೋಡಿದ್ರೆ ಲಿವರ್ ಹೇಗಿದೆ ಅಂತ ಹೇಳ್ತಾರೇನೋ.”

“ಸೂಜಿ ಇಲ್ಲ ರೀ. ಒಂದು ಹನಿ ರಕ್ತ ತೆಗೆಯಲ್ಲ. ಈ ಬಾಟಲಿ ತುಂಬಿಸಿ ಕೊಟ್ಟರೆ ಆಯ್ತು.”

ಇವರು ಬಾಟಲಿಯನ್ನು ಬೆಳಕಿಗೆ ಹಿಡಿದು, ಬಾಯಿಯ ಅಗಲ ನೋಡಿ, “ನನ್ನ ಗುರಿ ಅಷ್ಟು ಚೆನ್ನಾಗಿಲ್ಲ” ಎಂದು ಮೇಜಿನ ಮೇಲಿಟ್ಟರು. ಒಂದು ವಾರ ಅದು ಅಲ್ಲೇ ಇತ್ತು. ಉಪ್ಪಿನ ಡಬ್ಬಿಯ ಪಕ್ಕ ಇದನ್ನು ಇಡಬೇಡಿ ಎಂದು ಅತ್ತೆ ದಿನಾ ಅತ್ತ ಸರಿಸುತ್ತಿದ್ದರು, ಇವರ ಕಣ್ಣಿಗೆ ಬೀಳಲಿ ಎಂದು ನಾನು ದಿನಾ ಇತ್ತ ಸರಿಸುತ್ತಿದ್ದೆ. ಸೂಜಿ ಇಲ್ಲ ಎಂದ ಮೇಲೆ ಇವರು ಓಡಿ ಹೋಗುತ್ತಾರೆ ಎಂದುಕೊಂಡಿದ್ದೆ. ಓಡಿದ್ದು ನಿಜ, ಆದರೆ ಆ ಕಡೆಗಲ್ಲ. ಕೊನೆಗೆ ಒಂದು ಬೆಳಿಗ್ಗೆ ಇವರ ಕೈ ಹಿಡಿದು ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗಿ ನೊರೆ ತೋರಿಸಿದೆ. ಇವರು ಬಗ್ಗಿ ನೋಡಿದರು. ತಮಾಷೆ ಮಾಡಲಿಲ್ಲ.

“ಸೋಮವಾರ ಕೊಳಕ್ಕೆ ರಜೆ. ಅವತ್ತು ಹೋಗೋಣ” ಎಂದರು.

ಸೋಮವಾರ ಕೊಳ ತೊಳೆಯುವ ದಿನ. ಅಂದು ಇವರು ತಡವಾಗಿ ಏಳುತ್ತಾರೆ ಎಂಬುದು ನನಗೆ ನೆನಪಿರಲಿಲ್ಲ. ಟಾಯ್ಲೆಟ್ಟಿಗೆ ಎಲ್ಲರಿಗಿಂತ ಮೊದಲು ಹೋದವರು ಅತ್ತೆ. ನಾನು ಅಡುಗೆಮನೆಯಲ್ಲಿ ಟೀಗೆ ನೀರಿಡುತ್ತಿದ್ದೆ. ಟಾಯ್ಲೆಟ್ಟಿನ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಅತ್ತೆಯ ಧ್ವನಿ, ಎಂದೂ ಇಲ್ಲದಷ್ಟು ಮೆತ್ತಗೆ:

“ಸ್ವಲ್ಪ ಬಾಮ್ಮಾ ಇಲ್ಲಿ. ನನಗೂ ಬಂದಿದೆ.”

ಹೋಗಿ ನೋಡಿದೆ. ಮಗನಿಗಿಂತ ತಾಯಿಯದು ಒಂದು ಕೈ ಮಿಗಿಲಾಗಿತ್ತು.

ಅತ್ತೆ ಎಂಬತ್ತರ ಹತ್ತಿರದವರು. ಸಕ್ಕರೆ ಇಲ್ಲ, ಬಿ.ಪಿ. ಇಲ್ಲ, ಮಂಡಿ ನೋವೂ ಇಲ್ಲ. ಆಸ್ಪತ್ರೆ ಎಂದರೆ ಬೇರೆಯವರನ್ನು ನೋಡಲು ಹೋಗುವ ಜಾಗ ಎಂದುಕೊಂಡವರು. ಈಗ ಗೋಡೆ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂತು, “ದೊಡ್ಡವನಿಗೆ ಫೋನ್ ಮಾಡು. ಅವನ ಮಶೀನಿನ ಪಕ್ಕ ಇನ್ನೊಂದು ಹಾಸಿಗೆ ಖಾಲಿ ಇದೆಯಾ ಕೇಳು. ಕಿಟಕಿ ಕಡೆಯದ್ದಾದ್ರೆ ಒಳ್ಳೇದು” ಎಂದರು.

ಗದ್ದಲಕ್ಕೆ ಇವರು ಕಣ್ಣುಜ್ಜುತ್ತ ಎದ್ದು ಬಂದರು. ವಿಷಯ ಕೇಳಿದರು, ಟಾಯ್ಲೆಟ್ಟಿಗೆ ಹೋದರು. ಬಕೆಟ್ಟಿನಿಂದ ಒಂದು ಚೊಂಬು ನೀರು ತೆಗೆದು ಎತ್ತರದಿಂದ ಧಾರೆಯಾಗಿ ಸುರಿದರು. ನೊರೆ ಎದ್ದಿತು. ಫ್ಲಶ್ ಮಾಡಿ ಇನ್ನೊಂದು ಚೊಂಬು ಸುರಿದರು. ನೊರೆ ಇಲ್ಲ. ಹೊರಗೆ ಬಂದು, ಮೂಲೆಯಲ್ಲಿದ್ದ ದ್ರಾವಣದ ಡಬ್ಬವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಮಕ್ಕಳಿಗೆ ಪಾಠ ಹೇಳುವ ಧ್ವನಿಯಲ್ಲಿ ಕೇಳಿದರು.

“ಇದನ್ನ ರಾತ್ರಿ ಯಾರು ಸುರಿಯೋದು?”

“ನಾನು” ಎಂದೆ.

“ತೊಳೀದೆ ಬಿಡೋದು?”

“ನೆನೀಲಿ ಅಂತ.”

“ಬೆಳಿಗ್ಗೆ ಮೊದಲು ಹೋಗೋದು ಯಾರು?”

ಅತ್ತೆಯ ಬೆನ್ನು ಕುರ್ಚಿಯಲ್ಲಿ ಮೆಲ್ಲಗೆ ನೆಟ್ಟಗಾಗುತ್ತಿತ್ತು.

“ಕೊಳದಲ್ಲಿ ನೊರೆ ಕಂಡರೆ ಮೊದಲು ಕೇಳೋದೇ ಸೋಪು ಹಚ್ಚಿಕೊಂಡು ಇಳಿದವರು ಯಾರು ಅಂತ. ಮನೆಯಲ್ಲಿ ಕೇಳಲಿಲ್ಲ ನೋಡು, ನನ್ನದೇ ತಪ್ಪು. ಅಮ್ಮಾ, ನಿನ್ನ ಕಿಡ್ನಿಗೆ ಏನೂ ಆಗಿಲ್ಲ. ನಿನ್ನ ಸೊಸೆ ನಮ್ಮಿಬ್ಬರಿಗೂ ಸೋಪು ಹಾಕಿದ್ದಾಳೆ, ಅಷ್ಟೇ.”

“ನನಗೆ ಆಗಲೇ ಗೊತ್ತಿತ್ತು” ಎಂದರು ಅತ್ತೆ.

ಇಬ್ಬರೂ ಸೇರಿ ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ. ಎದೆಯ ಮೇಲಿನ ಕಲ್ಲು ಇಳಿದಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಸೀರೆ ಬದಲಾಯಿಸಿ, ಬಾಟಲಿ ಕೈಗೆತ್ತಿಕೊಂಡು ಹೊರಡೋಣವೇ ಎಂದೆ. ಇವರು ಪೇಪರಿನಿಂದ ತಲೆ ಎತ್ತಲಿಲ್ಲ.

“ಎಲ್ಲಿಗೆ? ನೊರೆ ಇದೆ ಅಂತ ಹೋಗ್ತಾ ಇದ್ದಿದ್ದು. ನೊರೆ ಇಲ್ವಲ್ಲ.”

ವಾದಿಸಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ನನ್ನ ಸಾಕ್ಷಿಯನ್ನು ನಾನೇ ಡಬ್ಬದಿಂದ ಸುರಿದಿದ್ದೆ. ಅಂದಿನಿಂದ ನನ್ನ ಹೆಸರು ನೊರೆ ಇನ್‌ಸ್ಪೆಕ್ಟರ್ ಎಂದಾಯಿತು. ಟೀ ಲೋಟ ಕೊಟ್ಟರೆ ಇವರು ಮೇಲಿನ ನೊರೆ ನೋಡಿ, “ಇದನ್ನೂ ಪರೀಕ್ಷೆ ಮಾಡಿಸಬೇಕಾ ಮೇಡಂ?” ಎನ್ನುತ್ತಿದ್ದರು. ಅತ್ತೆ ಬಟ್ಟೆ ಒಗೆಯುವಾಗ ಬಕೆಟ್ಟಿಗೆ ಕೈ ತೋರಿಸಿ, “ಇದಕ್ಕೆ ಭಾರೀ ಕಿಡ್ನಿ ತೊಂದರೆ ಕಣೇ” ಎನ್ನುತ್ತಿದ್ದರು. ಬಾಟಲಿ ಮಾತ್ರ ಮೇಜಿನ ಮೇಲೆಯೇ ಇತ್ತು. ನಾನು ತೆಗೆಯಲಿಲ್ಲ, ಇವರು ಮುಟ್ಟಲಿಲ್ಲ.

ಮುಂದಿನ ಸಲ ಭಾವನ ಪಕ್ಕ ಕೂತಾಗ, ನಗಲಿ ಎಂದು ಈ ಕಥೆ ಹೇಳಿದೆ. ಭಾವ ನಕ್ಕರು. ತೋಳು ಅಲ್ಲಾಡಬಾರದು ಎಂದು ಹೊಟ್ಟೆಯಲ್ಲೇ ನಕ್ಕರು. ನಕ್ಕು ಸುಧಾರಿಸಿಕೊಂಡು ಹೇಳಿದರು:

“ನನಗೆ ಯಾವತ್ತೂ ನೊರೆ ಬಂದಿರಲಿಲ್ಲಮ್ಮಾ.”

“ಮೊದಲು ಸ್ವಲ್ಪವಾದರೂ?”

“ಸ್ವಲ್ಪವೂ ಇಲ್ಲ. ನೋಡೋಕೆ ತಿಳಿಯಾಗೇ ಇತ್ತು. ನೋವಿಲ್ಲ, ಉರಿಯಿಲ್ಲ. ನನಗೇನಾಗಿದೆ ಅಂತ ಪರೀಕ್ಷೆ ಮಾಡಿಸಲೇ ಇಲ್ಲ. ಶುರುವಿನಲ್ಲಿ ಸೋರೋದು ಕಣ್ಣಿಗೆ ಕಾಣೋಷ್ಟು ಇರಲ್ಲ ಅಂತ ಡಾಕ್ಟರಮ್ಮ ಆಮೇಲೆ ಹೇಳಿದ್ರು. ಆಮೇಲೆ ಹೇಳಿ ಏನು ಮಾಡೋದು.”

ಮಶೀನಿನೊಳಗೆ ಚಕ್ರವೊಂದು ತಿರುಗುತ್ತಲೇ ಇತ್ತು.

“ಸೂಜಿ ಇಲ್ಲ ಅಂದ್ರೂ ಹೋಗಲ್ಲ ಅಂತಾರೆ ಭಾವ.”

“ಅವನಿಗೆ ಸೂಜಿ ಭಯ ಇರೋದು ನಿಜ. ಆದ್ರೆ ಇದು ಆ ಭಯ ಅಲ್ಲ.” ಉಬ್ಬಿದ ತೋಳನ್ನು ಕಣ್ಣಿನಲ್ಲೇ ತೋರಿಸಿದರು. “ಇದರ ಭಯ. ನನ್ನನ್ನ ನೋಡೋಕೆ ಅಂತ ಬರ್ತಾನೆ. ಬಂದಾಗೆಲ್ಲ ಕಿಟಕಿಯಿಂದ ಹೊರಗೆ ನೋಡ್ತಾ ಕೂತಿರ್ತಾನೆ. ಫೋನ್ ಹಚ್ಚು.”

ಹಚ್ಚಿ ಅವರ ಕಿವಿಗೆ ಹಿಡಿದೆ. ಆ ಕಡೆ ಕೊಳದ ಗದ್ದಲ, ಸೀಟಿಯ ಸದ್ದು ನನಗೂ ಕೇಳಿಸುತ್ತಿತ್ತು.

“ಲೋ ಮೊಸಳೆ, ಇವತ್ತು ಕೊಳದ ನೀರು ಪರೀಕ್ಷೆ ಮಾಡಿದ್ಯಾ?” ಎಂದರು ಭಾವ. “ಮಾಡಿದ್ಯಾ? ಯಾಕೋ? ತಿಳಿಯಾಗಿರಲಿಲ್ವಾ? … ಏನಂದೆ? ಇನ್ನೊಂದು ಸಲ ಹೇಳು, ನನ್ನ ಕಿವಿ ಮಂದ. … ಹಾಂ. ಕಣ್ಣಿಗೆ ಕಾಣೋ ಹೊತ್ತಿಗೆ ತಡ ಆಗಿರುತ್ತೆ. ಅದನ್ನೇ ನಾನೂ ಹೇಳೋಣ ಅಂತ ಫೋನ್ ಮಾಡಿದೆ. ನನ್ನದೂ ತಿಳಿಯಾಗೇ ಇತ್ತು ಕಣೋ. ಇಡ್ತೀನಿ.”

ಸಂಜೆ ಇವರು ಮನೆಗೆ ಬಂದು ಊಟ ಮಾಡಿ ಮಲಗಿದರು. ಅತ್ತೆ, “ಮೊಸಳೆಗೆ ಇವತ್ತು ಬಾಯಿ ಕಟ್ಟಿದ್ಯಾರು?” ಎಂದು ನನ್ನನ್ನು ಕೇಳಿದರು. ಮಾರನೆಯ ಬೆಳಿಗ್ಗೆ ನಾನು ಎದ್ದಾಗ ಇವರು ಕೊಳಕ್ಕೆ ಹೋಗಿಯಾಗಿತ್ತು. ಮೇಜಿನ ಮೇಲೆ ಉಪ್ಪಿನ ಡಬ್ಬಿ ಒಂದೇ ಇತ್ತು.

ನಾನು ಅದರ ಬಗ್ಗೆ ಕೇಳಲಿಲ್ಲ. ಕೇಳಿದರೆ ಓಡುವ ಪ್ರಾಣಿಯನ್ನು ಕೇಳಬಾರದು ಎಂಬಷ್ಟು ಬುದ್ಧಿ ನನಗೆ ಬಂದಿತ್ತು.

ಎರಡು ದಿನ ಬಿಟ್ಟು ಡಾಕ್ಟರಮ್ಮನೇ ಫೋನ್ ಮಾಡಿದರು. ಇವರು ಆಗ ತಾನೇ ಮನೆಗೆ ಬಂದು ಟವೆಲನ್ನು ಹಗ್ಗಕ್ಕೆ ಹಾಕುತ್ತಿದ್ದರು. ಬಾಟಲಿ ಕೊಟ್ಟು ಹೋದವರೇ ಫೋಟೋವನ್ನೂ ತೆಗೆಸಿಕೊಂಡು ಹೋದರಂತೆ. ಕಣ್ಣು ಚೆನ್ನಾಗಿದೆ. ಆದರೆ ಮೂವತ್ತರ ಒಳಗಿರಬೇಕಾದ ಪ್ರೋಟೀನಿನ ಲೆಕ್ಕ ನೂರು ದಾಟಿದೆ. ನನ್ನ ಮುಖ ನೋಡಿ ಇವರು ಟವೆಲ್ ಹಿಡಿದುಕೊಂಡೇ ಹತ್ತಿರ ಬಂದರು. ಅತ್ತೆಯೂ ಬಂದರು.

“ಎದ್ದ ಕೂಡಲೇ ಹಿಡಿದದ್ದಾ ಅದು?” ಎಂದು ಡಾಕ್ಟರಮ್ಮ ಕೇಳಿದರು. ನಾನು ಅದೇ ಪ್ರಶ್ನೆಯನ್ನು ಇವರಿಗೆ ಕೇಳಿದೆ.

“ಎದ್ದ ಮೇಲೇನೇ” ಎಂದರು ಇವರು.

“ಎದ್ದ ಎಷ್ಟು ಹೊತ್ತಿನ ಮೇಲೆ?”

“ಕೊಳದ ಹತ್ರ.”

“ನೀರಿಗೆ ಇಳಿಯೋ ಮುಂಚೆನಾ, ಆಮೇಲಾ?”

ಇವರು ಟವೆಲಿನ ಅಂಚು ಹಿಂಡಿದರು. ಅದರಲ್ಲಿ ನೀರೇ ಇರಲಿಲ್ಲ. “ಆಮೇಲೆ. ಇನ್‌ಸ್ಪೆಕ್ಷನ್ ಇದ್ದಾಗ ನಾವು ಕೊಳದ ಫಿಲ್ಟರ್ ಜಾಸ್ತಿ ಹೊತ್ತು ಓಡಿಸಲ್ವಾ? ನೀರು ಚೆನ್ನಾಗಿ ಕಾಣಲಿ ಅಂತ? ಹಾಗೇ ಒಂದಿಷ್ಟು ಜಾಸ್ತಿ ಈಜಿದೆ. ಒಳಗೆಲ್ಲ ತೊಳೆದು ಹೋಗಲಿ ಅಂತ.”

“ಎಷ್ಟು ಜಾಸ್ತಿ?”

“ಈ ಕಡೆಯಿಂದ ಆ ಕಡೆಗೆ, ಒಂದು ಮೂವತ್ತು ನಲವತ್ತು ಸಲ. ಜೋರಾಗಿ.”

ಇದನ್ನು ಫೋನಿನಲ್ಲಿ ಹೇಳಿದಾಗ ಆ ಕಡೆ ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿರಬೇಕು. ಹಾಗೆ ಮೈ ದಣಿಸಿದರೆ ಒಳ್ಳೆಯ ಕಿಡ್ನಿಯೂ ಒಂದು ದಿನದ ಮಟ್ಟಿಗೆ ಸೋರುತ್ತದಂತೆ. ಈ ಲೆಕ್ಕವನ್ನು ನಂಬುವ ಹಾಗಿಲ್ಲ. ಕೆಲವು ವಾರ ಬಿಟ್ಟು ಬಿಟ್ಟು ಇನ್ನೆರಡು ಸಲ ಕೊಡಬೇಕು, ಹಾಸಿಗೆಯಿಂದ ಎದ್ದು ನೇರವಾಗಿ. ಕೊಡುವ ಹಿಂದಿನ ದಿನ ಈಜುವ ಹಾಗಿಲ್ಲ.

ಅತ್ತೆ ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದರು. “ಅವಳು ತೊಳೆದು ಕೆಡಿಸಿದಳು, ಇವನು ತೊಳ್ಕೊಂಡು ಕೆಡಿಸಿದ. ಜಾತಕ ನೋಡದೆ ಮಾಡಿದ್ರೂ ಜೋಡಿ ಸರಿಯಾಗೇ ಬಂದಿದೆ.”

“ಊರಿಗೆಲ್ಲ ಹೇಳೋದು ಆಚಾರ” ಎಂದು ನಾನು ಶುರು ಮಾಡಿದೆ.

“ತಿನ್ನೋದು ಬದನೆಕಾಯಿ, ಗೊತ್ತು” ಎಂದು ಇವರೇ ಮುಗಿಸಿ, ಒಣಗಿದ ಟವೆಲನ್ನು ಮತ್ತೆ ಹಿಂಡಿದರು.

ಬಾಟಲಿ ಕೊಡುವ ಹಿಂದಿನ ದಿನ ಇವರು ಪ್ಯಾಂಟು ಶರಟು ಹಾಕಿಕೊಂಡು ದಡದ ಮೇಲೆ ಕುರ್ಚಿಯಲ್ಲಿ ಕೂತು ಪಾಠ ಹೇಳಿದರಂತೆ. ಮೊಸಳೆ ಮಾಸ್ತರು ಬಿಸಿಲು ಕಾಯಿಸಿಕೊಳ್ಳುತ್ತಿದ್ದಾರೆ ಎಂದು ಮಕ್ಕಳು ಇಡೀ ದಿನ ನೀರು ಎರಚಿದರಂತೆ. ಮಾರನೆಯ ಬೆಳಿಗ್ಗೆ ನಾನು ಎಚ್ಚರವಾಗಿಯೇ ಮಲಗಿದ್ದೆ. ಟಾಯ್ಲೆಟ್ಟಿನ ಬಾಗಿಲು ತೆರೆಯಿತು, ಮುಚ್ಚಿತು. ಆಮೇಲೆ ಒಳಗಿನಿಂದಲೇ ಇವರು ಕೂಗಿ ಹೇಳಿದರು: “ಇನ್‌ಸ್ಪೆಕ್ಟರೇ, ಗುರಿ ತಪ್ಪಲಿಲ್ಲ.”

ಮೊದಲ ಸಲ ಲೆಕ್ಕ ಐವತ್ತರ ಹತ್ತಿರ ಬಂತು. ಎರಡನೆಯ ಸಲವೂ ಅಲ್ಲೇ ಆಚೀಚೆ.

ಡಾಕ್ಟರಮ್ಮನ ಎದುರು ಇಬ್ಬರೂ ಕೂತೆವು. ಅವರು ಕಾಗದವನ್ನು ನಮ್ಮ ಕಡೆ ತಿರುಗಿಸಿ, ಸೋರುವುದು ಶುರುವಾಗಿದೆ, ಆದರೆ ಹನಿಯಷ್ಟು ಮಾತ್ರ ಎಂದರು. ಒಂದು ಮಾತ್ರೆ ಹೊಸದಾಗಿ ಸೇರಬೇಕು, ಉಪ್ಪು ಇಳಿಯಬೇಕು, ಸಕ್ಕರೆ ಇನ್ನೂ ಹದ್ದುಬಸ್ತಿಗೆ ಬರಬೇಕು. ಈ ಹಂತದಲ್ಲಿ ಹಿಡಿದರೆ ಕೆಲವರಲ್ಲಿ ಹಿಂದಕ್ಕೂ ಹೋಗುತ್ತದೆ, ಹಲವರಲ್ಲಿ ವರ್ಷಗಟ್ಟಲೆ ಇಲ್ಲಿಯೇ ನಿಲ್ಲುತ್ತದೆ. ಇಷ್ಟು ಬೇಗ ಕೈಗೆ ಸಿಗುವವರು ಕಡಿಮೆ.

ಇವರು ಕಾಗದದ ಮೇಲಿನ ಆ ಲೆಕ್ಕದ ಮೇಲೆ ಬೆರಳಿಟ್ಟರು. ಆಮೇಲೆ, “ನಮ್ಮಣ್ಣನದು ಇಷ್ಟೇ ಇದ್ದಾಗ ನೋಡಿದ್ದಿದ್ರೆ?” ಎಂದು ಕೇಳಿದರು.

ಡಾಕ್ಟರಮ್ಮ, “ಅದನ್ನ ಈಗ ಹೇಳೋಕೆ ಬರಲ್ಲ” ಎಂದರು. “ನಿಮ್ಮದು ನೋಡಿದೀವಲ್ಲ. ಒಂದು ರಕ್ತ ಪರೀಕ್ಷೆ ಆಗಬೇಕು. ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಅದರಲ್ಲೇ ಪೂರ್ತಿ ತಿಳಿಯೋದು. ಎದುರು ಕೋಣೆ.”

ಇವರು ನನ್ನ ಕಡೆ ತಿರುಗಿದರು.

“ಸೂಜಿ ಇಲ್ಲ ಅಂದಿದ್ದೆ.”

“ಆ ಪರೀಕ್ಷೆಗೆ ಇಲ್ಲ ಅಂದಿದ್ದೆ” ಎಂದೆ. “ಇದು ಬೇರೆ ಪರೀಕ್ಷೆ.”

“ನೀನು ಲೈಬ್ರರಿಯಲ್ಲಿ ಇರಬೇಕಾದವಳಲ್ಲ. ಕೋರ್ಟಿನಲ್ಲಿರಬೇಕಾಗಿತ್ತು.”

ಆದರೂ ಎದ್ದರು. ನಾನು ಎಳೆಯಬೇಕಾಗಲಿಲ್ಲ, ಬೇಡಿಕೊಳ್ಳಬೇಕಾಗಲಿಲ್ಲ. ಎದುರು ಕೋಣೆಗೆ ಹೋಗುವ ದಾರಿಯಲ್ಲಿ ಭಾವನ ಮಶೀನಿರುವ ಮೇಲಿನ ಅಂತಸ್ತಿನ ಮೆಟ್ಟಿಲು ಸಿಗುತ್ತದೆ. ಅಲ್ಲಿ ಒಂದು ಗಳಿಗೆ ನಿಂತು, ಮೇಲೆ ನೋಡಿ, ತಾವೇ ಮುಂದೆ ನಡೆದರು.

ಲ್ಯಾಬಿನಾಕೆಗೆ ಮೊದಲೇ ಎಚ್ಚರಿಕೆ ಕೊಟ್ಟು ಮಂಚದ ಮೇಲೆ ಮಲಗಿಸಿದೆ. ಆಕೆ ತೋಳಿಗೆ ರಬ್ಬರು ಕಟ್ಟಿದಳು. ಇವರ ಮುಖದ ಬಣ್ಣ ಇಳಿಯತೊಡಗಿತು. ಕೊಳದಲ್ಲಿ ಮೊದಲ ದಿನ ಹೆದರಿ ಅಳುವ ಮಕ್ಕಳಿಗೆ ಇವರು ಏನು ಹೇಳುತ್ತಾರೆ ಎಂಬುದು ನನಗೆ ಬಾಯಿಪಾಠ. ಕಿವಿಯ ಹತ್ತಿರ ಬಗ್ಗಿ ಅದನ್ನೇ ಹೇಳಿದೆ.

“ಕಣ್ಣು ಮುಚ್ಚಿ. ಮುಖ ನೀರೊಳಗೆ. ಈಗ ಗುಳ್ಳೆ ಬಿಡಿ.”

ಇವರು ಕೆನ್ನೆ ಉಬ್ಬಿಸಿ ಬುಳುಬುಳು ಎಂದು ಉಸಿರು ಬಿಟ್ಟರು. ಲ್ಯಾಬಿನಾಕೆ ಸೂಜಿ ಹಿಡಿದುಕೊಂಡು ನನ್ನನ್ನು ನೋಡಿದಳು. ನಡೆಯಲಿ ಎಂದು ತಲೆ ಆಡಿಸಿದೆ.

“ಇನ್ನೊಂದು ಸಲ. ಕಾಲು ಸಡಿಲ ಬಿಡಿ. ಗುಳ್ಳೆ.”

“ಬುಳುಬುಳು.”

“ಆಯ್ತು” ಎಂದಳು ಆಕೆ, ಹತ್ತಿ ಒತ್ತಿ.

“ಆಯ್ತಾ?” ಇವರು ಒಂದೇ ಕಣ್ಣು ತೆರೆದರು. “ರಕ್ತ ನೋಡಿದ್ಯಾ ನೀನು? ಚೆನ್ನಾಗಿತ್ತಾ?”

“ಪರೀಕ್ಷೆ ಆಗದೆ ಹೇಳೋಕಾಗಲ್ಲ” ಎಂದೆ.

ನಗುತ್ತ ಎದ್ದು ಕೂತರು. ಕೂತವರು ಹಾಗೇ ಒಂದು ಪಕ್ಕಕ್ಕೆ ವಾಲಿದರು. ಇಬ್ಬರೂ ಹಿಡಿದು ಮತ್ತೆ ಮಲಗಿಸಿದೆವು. ಚೀಲದಿಂದ ನೀರಿನ ಬಾಟಲಿ ತೆಗೆದು, ಅಂಗೈಗೆ ಬಿಟ್ಟುಕೊಂಡು ಮುಖಕ್ಕೆ ಚಿಮುಕಿಸಿದೆ. ತುಟಿಯ ಮೇಲೆ ಬಿದ್ದ ಹನಿಯನ್ನು ನಾಲಿಗೆಯಿಂದ ನೋಡಿ, ಕಣ್ಣು ಮುಚ್ಚಿಕೊಂಡೇ ಇವರು ಹೇಳಿದರು:

“ಕ್ಲೋರಿನ್ ಕಡಿಮೆ ಇದೆ.”